ಬರೆದುಕೊಡಿ ಎಂದು ಕೇಳಿ

ಓದುಗರ ಪತ್ರ: "ಎಂಟು ತಿಂಗಳ ಹಿಂದೆ ಕೊಂಡ ಮೊಬೈಲ್ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಸರ್ವಿಸ್ ಸೆಂಟರ್‌ನವರು ಒಳಗೆ ತೇವ ತಗುಲಿದೆ, ವಾರಂಟಿ ಅನ್ವಯಿಸುವುದಿಲ್ಲ ಎಂದು ಹಾಗೆಯೇ ಹಿಂತಿರುಗಿಸಿದರು. ಕಂಪನಿಗೆ ಎರಡು ಸಲ ಇಮೇಲ್ ಬರೆದೆ, ಎರಡಕ್ಕೂ ಅದೇ ಉತ್ತರ. ನಾನು ಅದನ್ನು ನೀರಿಗೆ ಬೀಳಿಸಿಲ್ಲ. ಆದರೂ ಬಹುಶಃ ನನ್ನದೇ ತಪ್ಪು. ಹೊಸದನ್ನು ಕೊಂಡು ಸುಮ್ಮನಾಗುವುದೇ ವಾಸಿಯೆ?" (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಮೂಲದಲ್ಲಿ ಅದು ಎರಡು ಪುಟ, ಆ ಎರಡು ಪುಟಗಳಲ್ಲಿ 'ಬಹುಶಃ ನನ್ನದೇ ತಪ್ಪು' ಎಂಬ ಮಾತು ಮೂರು ಸಲ ಬಂದಿದೆ. ಮೂರನೆಯ ಸಲ ಓದಿದಾಗ, ಈ ಮಾತನ್ನು ನಿಮ್ಮ ಬಾಯಿಂದ ಹೊರಡಿಸಿದವರ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ಅಚ್ಚುಕಟ್ಟಾಗಿ, ದಿನಾಂಕಗಳನ್ನೆಲ್ಲ ನಮೂದಿಸಿ ಬರೆಯಬಲ್ಲ ನೀವು, ಯಾರೂ ಸಾಬೀತು ಮಾಡದ ತಪ್ಪನ್ನು ಏಕೆ ತಲೆಯ ಮೇಲೆ ಹೊತ್ತುಕೊಂಡಿರಿ?

ಕಂಪನಿಯ ಪಾಲಿನ ನ್ಯಾಯವನ್ನು ಮೊದಲು ಹೇಳಿಬಿಡುತ್ತೇನೆ. ನೀರಿಗೆ ಬೀಳಿಸಿ, ಒರೆಸಿ, ಏನೂ ಆಗದವರಂತೆ ತಂದು ಕೌಂಟರಿನ ಮೇಲಿಡುವವರೂ ಇದ್ದಾರೆ. ಬಳಸಿದವರ ಅಜಾಗರೂಕತೆಗೆ ತಯಾರಿಸಿದವರು ದಂಡ ತೆರಬೇಕಿಲ್ಲ. ಒಪ್ಪಿದೆ. ಆದರೆ ಅಜಾಗರೂಕತೆ ನಡೆದಿದೆ ಎಂದು ಹೇಳುವವರು ಅದನ್ನು ತೋರಿಸಿಕೊಡಬೇಕು.

ನಿಮ್ಮ ಹಾಗೆಯೇ ನಾನೂ ಆ ಕೌಂಟರಿನ ಮುಂದೆ ನಿಂತವನು. ಅಲ್ಲಿದ್ದ ಹುಡುಗ ಪಿನ್ ಚುಚ್ಚಿ ಸಿಮ್ ತಟ್ಟೆಯನ್ನು ಹೊರಗೆಳೆದ, ಆ ಸಂದಿಗೆ ಟಾರ್ಚ್ ಹಿಡಿದ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು "ನೋಡಿ ಸರ್, ಕೆಂಪಾಗಿದೆ" ಎಂದ. ಹೌದು, ಸಾಸಿವೆ ಕಾಳಿನಷ್ಟು ಕೆಂಪು. ಮೊಬೈಲ್ ಒಳಗೆ ಬಿಳಿಯ ಪುಟ್ಟ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಇದು ಯಾವಾಗ ಕೆಂಪಾಯಿತು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕೆಟ್ಟಿರುವುದು ಈ ತೇವದಿಂದಲೇ ಎಂದು ಹೇಗೆ ತಿಳಿಯಿತು ಎಂದೆ. ಬಿಚ್ಚಿ ನೋಡಿಲ್ಲ ಎಂದ. "ಹಾಗಾದರೆ ನೀನು ಈಗ ಹೇಳಿದ್ದನ್ನೇ ಒಂದು ಕಾಗದದಲ್ಲಿ ಬರೆದುಕೊಡಪ್ಪ, ಬಿಚ್ಚಿ ನೋಡದೆ ನಿರಾಕರಿಸಿದ್ದೇವೆ ಎಂದು" ಎಂದೆ. ಹುಡುಗ ಒಳಗೆ ಹೋದ, ಮೇಲಿನವರೊಬ್ಬರು ಹೊರಗೆ ಬಂದರು. ಮೊಬೈಲ್ ಒಳಗೆ ಹೋಯಿತು. ಹನ್ನೊಂದನೆಯ ದಿನ ದುರಸ್ತಿಯಾಗಿ ಕೈಗೆ ಬಂತು. ಕೆಟ್ಟಿದ್ದದ್ದು ತೇವ ಮುಟ್ಟದ ಬೇರೊಂದು ಭಾಗ ಎಂದು ಅವರ ಚೀಟಿಯೇ ಹೇಳುತ್ತಿತ್ತು.

ಬಾಯಿಮಾತಿನಲ್ಲಿ ಸಲೀಸಾಗಿ ಬರುವ 'ಆಗುವುದಿಲ್ಲ' ಎಂಬುದು ಕಾಗದದ ಮೇಲೆ ಇಳಿಯಲು ಏಕೆ ಹಿಂಜರಿಯುತ್ತದೆ ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ. ಬರೆದ ಮಾತಿಗೆ ಸಹಿ ಬೇಕು, ಸಹಿ ಹಾಕಿದವರು ನಾಳೆ ಕಾರಣ ಹೇಳಬೇಕು.

ಕಾರಣ ಯಾರು ಹೇಳಬೇಕು ಎಂಬುದನ್ನು ಕೆಲವು ದೇಶಗಳ ಕಾನೂನು ಬಹಳ ಸ್ಪಷ್ಟವಾಗಿ ನಿರ್ಧರಿಸಿದೆ. ಯುರೋಪಿನ ಒಕ್ಕೂಟದಲ್ಲಿ ಮಾರಾಟವಾದ ವಸ್ತುವಿಗೆ ಕನಿಷ್ಠ ಎರಡು ವರ್ಷಗಳ ಕಾನೂನುಬದ್ಧ ಖಾತರಿ ಇದೆ. ಮೊದಲು ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷವನ್ನು ಕೊಳ್ಳುವಾಗಲೇ ಇದ್ದ ದೋಷ ಎಂದು ಎಣಿಸುತ್ತಿದ್ದರು, 2019ರ ನಿರ್ದೇಶನ ಆ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿತು. ಅಲ್ಲ ಎನ್ನುವುದಾದರೆ ಮಾರಿದವರೇ ಸಾಬೀತು ಮಾಡಬೇಕು. ನಿಮ್ಮ ಮೊಬೈಲಿಗೆ ಎಂಟು ತಿಂಗಳು! ಅಲ್ಲಿನವರಾಗಿದ್ದರೆ ನಿಮ್ಮ ಮೂರೂ 'ಬಹುಶಃ'ಗಳನ್ನು ಅಂಗಡಿಯವರು ಬರೆಯಬೇಕಾಗುತ್ತಿತ್ತು.

ನಮ್ಮಲ್ಲಿ ಅಂಥ ನೇರವಾದ ನಿಯಮವಿಲ್ಲ, ಅದು ನನ್ನ ಹಳೆಯ ಕೊರಗು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಡಕಲೇನಲ್ಲ. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಕಾಲಾವಕಾಶ ಎರಡು ವರ್ಷ. ಪರೀಕ್ಷಿಸದೆ ದೋಷ ತಿಳಿಯದು ಎನ್ನುವಂತಿದ್ದರೆ ಆಯೋಗ ಆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಟಾರ್ಚಿನ ಬೆಳಕಿನಲ್ಲಿ ತೀರ್ಪು ಕೊಟ್ಟವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಒಂದು ಕಡೆ ನಿಮ್ಮನ್ನು ಗದರಲೇಬೇಕು. ಕಂಪನಿಗೆ ಎರಡು ಸಲ ಬರೆದಿರಿ, ಮಾರಿದವರನ್ನು ಏಕೆ ಬಿಟ್ಟಿರಿ? ನಿಮ್ಮಿಂದ ಹಣ ಎಣಿಸಿಕೊಂಡವರು ಅವರು. 'ಅದೆಲ್ಲ ಕಂಪನಿಯವರನ್ನು ಕೇಳಿ' ಎಂದು ಅವರು ಕೈತೊಳೆದುಕೊಂಡರೆ ನೀವು ನಂಬಬೇಕಾಗಿಲ್ಲ, ದೂರಿನಲ್ಲಿ ಇಬ್ಬರನ್ನೂ ಹೆಸರಿಸಬಹುದು.

ವಾರಂಟಿ ಪುಸ್ತಕದ ಸಣ್ಣಕ್ಷರಗಳನ್ನು ಓದದೆ ಹೋದೆ ಎಂದೂ ಕೊರಗಿದ್ದೀರಿ. ಓದಿದ್ದರೂ ಅದು ಕಂಪನಿ ತಾನೇ ಬರೆದುಕೊಂಡ ಮಾತು. ಆಸ್ಟ್ರೇಲಿಯಾದಲ್ಲಿ ಇದರ ಮೇಲೆಯೇ ಒಂದು ಮೊಕದ್ದಮೆ ನಡೆಯಿತು. ಹೊರಗಿನವರಿಂದ ಪರದೆ ಬದಲಿಸಿಕೊಂಡಿದ್ದೀರಿ, ಆದ್ದರಿಂದ ನಿಮಗೆ ಪರಿಹಾರದ ಹಕ್ಕಿಲ್ಲ ಎಂದು ಆಪಲ್ ಕಂಪನಿ ಕನಿಷ್ಠ 275 ಗ್ರಾಹಕರಿಗೆ ಹೇಳಿತ್ತು. 2018ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಕಂಪನಿಯ ನಿಯಮಪುಸ್ತಕ ದೇಶದ ಕಾನೂನಿನ ಮೇಲೆ ಕೂರಲಾರದು ಎಂದು ಆ 275 ಮಂದಿಯ ದೆಸೆಯಿಂದ ದಾಖಲಾಯಿತು.

ಇಷ್ಟಾದರೂ ನಿಮ್ಮಂಥವರು ಸುಮ್ಮನಾಗುತ್ತೀರಿ, ಏಕೆಂದರೆ ಎದುರಿಗೆ ಮನುಷ್ಯರೇ ಸಿಗುವುದಿಲ್ಲ. 1962ರ ಮಾರ್ಚ್ 15ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಗ್ರಾಹಕರ ನಾಲ್ಕು ಹಕ್ಕುಗಳನ್ನು ತಮ್ಮ ಸಂಸತ್ತಿನ ಮುಂದಿಟ್ಟಾಗ, ನಮ್ಮ ಮಾತಿಗೆ ಕಿವಿಗೊಡಬೇಕೆಂಬ ಹಕ್ಕೂ ಅದರಲ್ಲಿತ್ತು. ಇಂದು ಒಂದನ್ನು ಒತ್ತಿ, ಎರಡನ್ನು ಒತ್ತಿ, ಸಂಗೀತ ಕೇಳಿ, ಕೊನೆಗೆ ಒಂದು ದೂರು ಸಂಖ್ಯೆ ಪಡೆದು, ಮರುದಿನ ಆ ದೂರು ಇತ್ಯರ್ಥವಾಗಿದೆ ಎಂಬ ಸಂದೇಶ ಓದುವುದೇ ಕಿವಿಗೊಡುವುದಾಗಿದೆ. ಯಾರು ಇತ್ಯರ್ಥ ಮಾಡಿದರು, ಯಾರ ಪರವಾಗಿ?

ದುರಸ್ತಿ ಎಂಬ ಕಸುಬನ್ನೇ ಹೀಗೆ ಉಸಿರುಗಟ್ಟಿಸಿದ್ದಾರೆ. ಹಿಂದೆ ಮೊಬೈಲಿನ ಬೆನ್ನನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ಬದಲಿಸುತ್ತಿದ್ದೆವು. ಈಗ ಗಾಜನ್ನು ಬಿಸಿ ಮಾಡಿ ಅಂಟು ಬಿಡಿಸಬೇಕು. ಅಸಲಿ ಬಿಡಿಭಾಗವನ್ನೇ ತಂದು ಹಾಕಿದರೂ ಕಂಪನಿಯ ತಂತ್ರಾಂಶ ಅದನ್ನು ಒಪ್ಪದೆ ಎಚ್ಚರಿಕೆ ತೋರಿಸುವ ಫೋನುಗಳಿವೆ. ಈ ನಿರ್ಬಂಧಗಳಿಗೆ ತಯಾರಕರು ಕೊಡುವ ಸಮರ್ಥನೆಗಳಿಗೆ ಪುರಾವೆ ಅತ್ಯಲ್ಪ ಎಂದು ಅಮೆರಿಕದ ವ್ಯಾಪಾರ ಆಯೋಗ 2021ರಲ್ಲಿ ವರದಿ ಕೊಟ್ಟಿತು. ಯುರೋಪು 2025ರ ಜೂನ್ 20ರಿಂದ ಹೊಸ ನಿಯಮ ಜಾರಿಗೆ ತಂದಿದೆ: ಒಂದು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಅದರ ಮುಖ್ಯ ಬಿಡಿಭಾಗಗಳು ಸಿಗುತ್ತಿರಬೇಕು. ಏಳು ವರ್ಷ! ನಿಮಗೆ ಎಂಟು ತಿಂಗಳಿಗೇ ಹೊಸದು ಕೊಳ್ಳುವ ಯೋಚನೆ ಬಂದಿದೆ.

ದಯವಿಟ್ಟು ಕೊಳ್ಳಬೇಡಿ. ಖರೀದಿಯ ರಸೀತಿ, ಸರ್ವಿಸ್ ಸೆಂಟರಿನ ಚೀಟಿ, ಎರಡು ಇಮೇಲ್‌ಗಳು, ಇವನ್ನು ಒಟ್ಟಿಗೆ ಇಡಿ. ಮಾರಿದವರಿಗೂ ತಯಾರಿಸಿದವರಿಗೂ ಒಂದೇ ಪತ್ರ ಬರೆಯಿರಿ: ದೋಷ ಯಾವ ಭಾಗದಲ್ಲಿದೆ, ಅದು ತೇವದಿಂದಲೇ ಆದದ್ದು ಎಂದು ಯಾರು, ಯಾವ ಪರೀಕ್ಷೆಯಿಂದ ಕಂಡುಕೊಂಡರು, ಹದಿನೈದು ದಿನಗಳಲ್ಲಿ ಲಿಖಿತವಾಗಿ ತಿಳಿಸಿ ಎಂದು. ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಸ್ವೀಕೃತಿ ಚೀಟಿಯನ್ನು ಜೋಪಾನ ಮಾಡಿ. ಹದಿನಾರನೆಯ ದಿನ ಆಯೋಗಕ್ಕೆ ದೂರು.

ಆ ಪತ್ರದ ಒಂದು ಪ್ರತಿಯನ್ನು ನನಗೂ ಕಳುಹಿಸಿ. 'ಬಹುಶಃ' ಎಂಬ ಪದ ಅದರಲ್ಲಿ ಒಮ್ಮೆಯೂ ಇಲ್ಲ ಎಂಬುದನ್ನು ನಾನೇ ಓದಿ ಖಚಿತಪಡಿಸಿಕೊಳ್ಳುತ್ತೇನೆ.