ಮಾತ್ರೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಏನು ಮಾಡಲಿ?

ಕ್ಯಾಪ್ಸೂಲ್ ಆದರೆ ತಲೆಯನ್ನು ಹಿಂದಕ್ಕೆ ಎತ್ತಬೇಡಿ. ಅದು ಹಗುರ, ನೀರಿನಲ್ಲಿ ತೇಲಿ ಹಲ್ಲಿನ ಕಡೆಗೇ ಬರುತ್ತದೆ. ಗುಟುಕು ನೀರು ಬಾಯಲ್ಲಿಟ್ಟುಕೊಂಡು ಗದ್ದವನ್ನು ಎದೆಯತ್ತ ಬಾಗಿಸಿ ನುಂಗಿ. ಗಟ್ಟಿ ಮಾತ್ರೆಗೆ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಯೇ ವಾಸಿ: ತುಟಿ ಬಿಗಿದು, ಬಾಟಲಿ ಒಳಕ್ಕೆ ಕುಗ್ಗುವಂತೆ ನೀರು ಹೀರಿ. 2014ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಸಂಶೋಧಕರು ಪರೀಕ್ಷಿಸಿ ಒಪ್ಪಿದ ಉಪಾಯಗಳಿವು.

ಈಗಾಗಲೇ ಸಿಕ್ಕಿಕೊಂಡಂತಿದ್ದರೆ ಇನ್ನಷ್ಟು ನೀರು ಕುಡಿಯಿರಿ. ಮಾತ್ರೆ ಇಳಿದ ಮೇಲೂ ಕೆರೆತ ಸ್ವಲ್ಪ ಹೊತ್ತು ಉಳಿಯುವುದುಂಟು. ಆದರೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್‌ನಂಥ ಕೆಲವು ಮಾತ್ರೆಗಳು ಅನ್ನನಾಳದಲ್ಲಿ ಹುಣ್ಣು ಮಾಡಬಹುದು. ಅಂಥವನ್ನು ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗಬೇಡಿ. ‘ಎಸ್‌ಆರ್’ (ಔಷಧವನ್ನು ನಿಧಾನವಾಗಿ ಬಿಡುವಂಥದ್ದು) ಎಂದಿರುವ ಮಾತ್ರೆಯನ್ನು ಪುಡಿ ಮಾಡಬಾರದು. ಉಸಿರು ಕಟ್ಟಿದರೆ ಅಥವಾ ಎಂಜಲೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.