ಟರ್ಕಿ ಕೋಳಿಯ ತವರು ಯಾವುದು?

ಪ್ರಶ್ನೆ: ಪಕ್ಕದ ತೋಟದವರು ಟರ್ಕಿ ಕೋಳಿ ಸಾಕಿದ್ದಾರೆ. ಅದು ಟರ್ಕಿ ದೇಶದ್ದೇ ಎಂದು ಆರನೆಯ ತರಗತಿಯ ಮಗಳು ಕೇಳುತ್ತಾಳೆ. ಏನು ಹೇಳಲಿ?
— ಓದುಗರು, ಸಕಲೇಶಪುರ

ಅಲ್ಲ ಎನ್ನಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ಮಗಳಿಗೆ ಇಷ್ಟವಾಗುವ ಭಾಗ ಮುಂದೆಯೇ ಇದೆ. ಈ ಹಕ್ಕಿ ಅಮೆರಿಕ ಖಂಡದ್ದು. ಮೆಕ್ಸಿಕೊದ ಜನ ಪಳಗಿಸಿ ಸಾಕುತ್ತಿದ್ದುದನ್ನು 16ನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಯುರೋಪಿಗೆ ಒಯ್ದರು. ಅದಕ್ಕೂ ಮೊದಲೇ ಆಫ್ರಿಕಾದ ಗಿನಿ ಕೋಳಿಯನ್ನು ಇಂಗ್ಲಿಷರು ತುರ್ಕರ ನಾಡಿನ ವ್ಯಾಪಾರದೊಂದಿಗೆ ಜೋಡಿಸಿ ಟರ್ಕಿ ಕೋಳಿ ಎನ್ನುತ್ತಿದ್ದರು. ಹೊಸ ಹಕ್ಕಿಗೂ ಅದೇ ಹೆಸರು ಅಂಟಿಕೊಂಡಿತು.

ಟರ್ಕಿಯವರೇ ಅದನ್ನು ಏನೆನ್ನುತ್ತಾರೆ ಗೊತ್ತೇ? ‘ಹಿಂದಿ’! ಹಿಂದೂಸ್ಥಾನದ್ದು ಎಂದು ಅರ್ಥ. ಫ್ರೆಂಚರ ‘ದ್ಯಾಂದ್’ ಎಂಬ ಮಾತಿನಲ್ಲಿಯೂ ಇಂಡಿಯಾ ಇದೆ. ಕೊಲಂಬಸ್ ಕಾಲಿಟ್ಟ ನೆಲವನ್ನು ಇಂಡಿಯಾ ಎಂದೇ ತಿಳಿದಿದ್ದ ಕಾಲವದು. ಪೋರ್ಚುಗೀಸರಿಗೆ ಅದು ‘ಪೆರು’. ಡಚ್ಚರ ‘ಕಾಲ್ಕೂನ್’ ಎಂದರೆ ಕಲ್ಲಿಕೋಟೆಯ ಕೋಳಿ. ನೀವು ಘಟ್ಟ ಇಳಿದು ಕರಾವಳಿ ಹಿಡಿದು ತೆಂಕಣಕ್ಕೆ ಹೋದರೆ ಸಿಗುವ ಅದೇ ಕಲ್ಲಿಕೋಟೆ. ಒಂದು ಬಡಹಕ್ಕಿಗೆ ಇಷ್ಟು ತವರು! ಹುಟ್ಟಿದ ಮೆಕ್ಸಿಕೊದ ಹೆಸರನ್ನು ಮಾತ್ರ ಇವರಲ್ಲಿ ಯಾರೂ ಇಡಲಿಲ್ಲ. ಮಗಳ ಕೈಯಲ್ಲಿ ಭೂಪಟ ಕೊಟ್ಟು ಈ ಊರುಗಳನ್ನೆಲ್ಲ ಹುಡುಕಿಸಿ.

ಪ್ರಶ್ನೆ: ನನ್ನ ತವರು ಹೊಳೆನರಸೀಪುರದ ಕಡೆ, ಸೇರಿದ ಮನೆ ಕೊಪ್ಪದಲ್ಲಿ. ಸಿಹಿಗುಂಬಳವನ್ನು ಅತ್ತೆ ಚೀನಿಕಾಯಿ ಎನ್ನುತ್ತಾರೆ. ಚೀನಾದಿಂದ ಬಂದದ್ದೇ? ಸೀಮೆಬದನೆಯ ಸೀಮೆ ಯಾವುದು?
— ಓದುಗರು, ಕೊಪ್ಪ

ನನ್ನ ಅಮ್ಮನೂ ಚೀನಿಕಾಯಿ ಎಂದೇ ಹೇಳುತ್ತಿದ್ದರು. ಅಟ್ಟದ ಮೇಲೆ ಸಾಲಾಗಿ ಇಟ್ಟ ಕಾಯಿಗಳು ಮಳೆಗಾಲ ಕಳೆಯುವವರೆಗೂ ಬರುತ್ತಿದ್ದವು. ಆ ಹೆಸರು ನೇರವಾಗಿ ಚೀನಾದ್ದೆಂದರೂ ಸರಿ, ಸಕ್ಕರೆಗೆ ಹಿಂದಿಯಲ್ಲಿರುವ ‘ಚೀನಿ’ಯಿಂದ ಎಂದರೂ ಸರಿ, ಎರಡು ದಾರಿಯೂ ಚೀನಾಕ್ಕೇ ಹೋಗಿ ಸೇರುತ್ತವೆ. ಕುಂಬಳದ ಬಳ್ಳಿಯ ಹುಟ್ಟು ಮಾತ್ರ ಅಮೆರಿಕದ್ದು. ಕಲ್ಲುಸಕ್ಕರೆಗೆ ಹಿಂದಿಯಲ್ಲಿ ‘ಮಿಸ್ರಿ’ ಎನ್ನುವುದು ಮಿಸರ್‌ನಿಂದ, ಎಂದರೆ ಈಜಿಪ್ಟಿನಿಂದ. ಅದೇ ಈಜಿಪ್ಟಿನ ಹೆಸರು ಟರ್ಕಿಯಲ್ಲಿ ಮೆಕ್ಕೆಜೋಳಕ್ಕೆ ಸಂದಿದೆ.

ಸೀಮೆ ಎಂಬುದು ನಮ್ಮವರ ಜಾಣ ಪದ. ಯಾವ ದೇಶವೆಂದು ಹೇಳದೆ ಹೊರಗಿನದು ಎಂದಷ್ಟೇ ಹೇಳುತ್ತದೆ: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಸೀಮೆಬದನೆ ಮೆಕ್ಸಿಕೊ ಕಡೆಯದು. ಆಂಧ್ರದವರು ಅದನ್ನು ‘ಬೆಂಗಳೂರು ವಂಕಾಯ’ ಎನ್ನುತ್ತಾರೆ! ನಮಗೆ ಪರದೇಶದ್ದಾದ ಕಾಯಿ ಅವರಿಗೆ ನಮ್ಮದು.

ಪ್ರಶ್ನೆ: ಆಹಾರದಿಂದ ಹೆಸರು ಪಡೆದ ದೇಶ ಉಂಟೇ?
— ಓದುಗರು, ಅರಕಲಗೂಡು

ಉಂಟು, ಕ್ಯಾಮರೂನ್. 15ನೆಯ ಶತಮಾನದಲ್ಲಿ ಪೋರ್ಚುಗೀಸ್ ನಾವಿಕರು ಅಲ್ಲಿನ ಹೊಳೆಯಲ್ಲಿ ಸಿಗಡಿಗಳ ರಾಶಿ ಕಂಡು ಅದಕ್ಕೆ ಸಿಗಡಿ ಹೊಳೆ ಎಂದು ಹೆಸರಿಟ್ಟರು. ಅವರ ಭಾಷೆಯ ‘ಕಮರೋಯಿಸ್’ ಮುಂದೆ ದೇಶದ ಹೆಸರಾಯಿತು.

ಪ್ರಶ್ನೆ: ನಮ್ಮ ಬೆಟ್ಟದ ಕಾಫಿ ಮಂಗಳೂರಿಗೆ ಇಳಿದು ‘ಮಾನ್ಸೂನ್ಡ್ ಮಲಬಾರ್’ ಆಗುತ್ತದೆಯಂತೆ. ಹೆಸರೇಕೆ ಮಲಬಾರಿನದು?
— ಓದುಗರು, ಚಿಕ್ಕಮಗಳೂರು

ಈ ಪ್ರಶ್ನೆ ನನ್ನದೂ ಹೌದು. ಅಪ್ಪನಿಗೆ ಆಲ್ದೂರಿನ ಬಳಿ ಎರಡು ಎಕರೆ ತೋಟವಿತ್ತು.

ಹಾಯಿ ಹಡಗಿನ ಕಾಲದಲ್ಲಿ ಕಾಫಿ ಬೀಜ ಆಫ್ರಿಕಾವನ್ನು ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ಒಡಲಿನ ತೇವಕ್ಕೆ ಬೀಜ ಉಬ್ಬಿ, ಹಸಿರು ಹೋಗಿ ಹಳದಿಯಾಗಿ, ಹುಳಿ ತಗ್ಗುತ್ತಿತ್ತು. ಅಲ್ಲಿನವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳೂ ಬಂದು ಪ್ರಯಾಣ ಚಿಕ್ಕದಾಯಿತು. ಹಳೆಯ ರುಚಿ ತಪ್ಪಿತು. ಆ ರುಚಿಯನ್ನು ಮತ್ತೆ ತರಲು ಕರಾವಳಿಯ ಗೋದಾಮುಗಳಲ್ಲಿ ಬೀಜ ಹರಡಿ, ಮಳೆಗಾಲದ ಗಾಳಿಗೆ ಒಡ್ಡಿ, ಮತ್ತೆ ಮತ್ತೆ ಕೈಯಾಡಿಸುವ ಕ್ರಮ ಬಂತು. ಗಾಳಿ ಮಲಬಾರ್ ತೀರದ್ದು, ಹಾಗಾಗಿ ಹೆಸರೂ ತೀರದ್ದು. ಯೆಮೆನ್‌ನ ಕಾಫಿಗೂ ಆದದ್ದು ಇದೇ. ಬೆಳೆದದ್ದು ಅಲ್ಲಿನ ಬೆಟ್ಟಗಳಲ್ಲಿ, ಲೋಕ ಕರೆದದ್ದು ಹಡಗು ಹತ್ತಿಸಿದ ಮೋಕಾ ಬಂದರಿನ ಹೆಸರಿನಿಂದ. ಬಾಬಾ ಬುಡನ್ ಏಳು ಬೀಜ ತಂದದ್ದು ಆ ಮೋಕಾದಿಂದಲೇ ಎಂಬುದು ನಮ್ಮ ಗಿರಿಯ ಐತಿಹ್ಯ.

ಬೆಳೆದವನ ಊರು ಅಳಿಸಿಹೋಗುವುದು ನನಗೆ ನೋವಿನ ವಿಷಯ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಜಿಐ, ಎಂದರೆ ಬೆಳೆದ ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ ಸುದ್ದಿ ಓದಿದಾಗ ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಅಪ್ಪನ ಲೆಕ್ಕದ ಪುಸ್ತಕದೊಳಗೆ ಇಟ್ಟೆ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಲಾರಿಗೆ ಏರುವ ಮುನ್ನ ಅಪ್ಪ ಪ್ರತಿಯೊಂದರ ಮೇಲೂ ಇದ್ದಿಲಿನಿಂದ ‘ಆಲ್ದೂರು’ ಎಂದು ಬರೆಯುತ್ತಿದ್ದರು. ಸಿಪ್ಪೆ ಬಿಡಿಸಿ ಬೀಜ ಹಸನು ಮಾಡುವ ಕ್ಯೂರಿಂಗ್ ಮುಗಿದ ಮೇಲೆ ಚೀಲ ಬದಲಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.