ಮೀಟಿಂಗ್ ಶುರುವಾದ ಕೂಡಲೇ ಹೆಡ್‌ಫೋನ್ ಸದ್ದು ಕೆಡುವುದೇಕೆ?

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್‌ಗೆ ಸೇರಿದರೆ ಡಬ್ಬದೊಳಗಿಂದ ಬಂದಂತೆ ಕೇಳುತ್ತದೆ. ಹೆಡ್‌ಫೋನ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ದಯವಿಟ್ಟು ಹೊಸದು ಕೊಳ್ಳಬೇಡಿ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಈ ಸಲ ಬಿಡಿಸಿ ಹೇಳುತ್ತೇನೆ.

ಹಾಡು ಕೇಳುವಾಗ ಬಳಕೆಯಾಗುವುದು ಎ2ಡಿಪಿ ಎಂಬ ಪ್ರೊಫೈಲ್, ಅಂದರೆ ಯಾವ ಕೆಲಸಕ್ಕೆ ಸಂಪರ್ಕ ಹೇಗಿರಬೇಕು ಎನ್ನುವ ಬ್ಲೂಟೂತ್ ನಿಯಮಗಳ ಕಟ್ಟು. ಅದರಲ್ಲಿ ಸ್ಟೀರಿಯೊ ಸದ್ದು ಲ್ಯಾಪ್‌ಟಾಪಿನಿಂದ ಕಿವಿಗೆ ಬರುತ್ತದೆ, ಅಷ್ಟೇ. ಮೈಕಿನ ಸದ್ದು ವಾಪಸ್ ಹೋಗಲು ದಾರಿಯಿಲ್ಲ. ಮೀಟಿಂಗ್ ಆಪ್ ಹೆಡ್‌ಫೋನಿನ ಮೈಕ್ ತೆರೆದ ಕೂಡಲೇ ಸಂಪರ್ಕ ಹ್ಯಾಂಡ್ಸ್‌ಫ್ರೀ ಪ್ರೊಫೈಲಿಗೆ ಹೊರಳುತ್ತದೆ. ಅದು ಫೋನ್ ಮಾತಿಗೆಂದು ಮಾಡಿದ್ದು. ಮೊನೊ ಸದ್ದು, ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಸದ್ದನ್ನು ಅಳೆಯುವ ಸಲ, ಸಾಮಾನ್ಯವಾಗಿ 8 ಅಥವಾ 16 ಕಿಲೊಹರ್ಟ್ಸ್. ಸಿಡಿಯದ್ದು 44.1. ಡಬ್ಬದ ಸದ್ದು ಬರದೆ ಇನ್ನೇನು ಬರುತ್ತದೆ?

ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಹೆಡ್‌ಫೋನ್ ಇರಲಿ, ಇನ್‌ಪುಟ್‌ಗೆ ಲ್ಯಾಪ್‌ಟಾಪಿನದೇ ಮೈಕ್ ಆರಿಸಿ. ಮೀಟಿಂಗ್ ಆಪ್‌ನೊಳಗೂ ಇದೇ ಆಯ್ಕೆ ಬೇರೆಯಾಗಿ ಇರುತ್ತದೆ, ಜಾಸ್ತಿ ಜನ ಎಡವುವುದು ಅಲ್ಲೇ. ಆಮೇಲೂ ಸರಿಹೋಗದಿದ್ದರೆ ಹಿಂದೆ ಇನ್ಯಾವುದೋ ಆಪ್ ಮೈಕ್ ಹಿಡಿದು ಕೂತಿರುತ್ತದೆ, ಮುಚ್ಚಿ. ಸುತ್ತ ಗಲಾಟೆಯಿದ್ದರೆ ಲ್ಯಾಪ್‌ಟಾಪ್ ಮೈಕ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಅಂಥ ಕಡೆ ನಾನಂತೂ ವೈರಿನ ಹೆಡ್‌ಸೆಟ್ಟೇ ಬಳಸುತ್ತೇನೆ.

ಬ್ಲೂಟೂತಿನಲ್ಲಿ ಸದ್ದು ಕಳಿಸುವ ಹೊಸ ವಿಧಾನವಾದ ಎಲ್ಇ ಆಡಿಯೊದಲ್ಲಿ ಈ ತೊಂದರೆ ನೀಗುತ್ತದೆ, ಆದರೆ ಲ್ಯಾಪ್‌ಟಾಪ್, ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು. ಪೆಟ್ಟಿಗೆಯ ಮೇಲೆ ಬ್ಲೂಟೂತ್ 5.3 ಅಂತ ಬರೆದಿದ್ದರೆ ಸಾಕು ಅಲ್ವಾ ಎನ್ನಬೇಡಿ, ಸಾಲದು. ಇನ್ನು, ಒಂದೇ ಕ್ಲಿಕ್ಕಿನಲ್ಲಿ ಎಲ್ಲಾ ಸರಿಮಾಡುವ ಡ್ರೈವರ್ ಅಪ್‌ಡೇಟರ್, ಬ್ಲೂಟೂತ್ ಬೂಸ್ಟರ್ ಅಂತ ಮಾರುವವರ ಮಾತು ಕೇಳಿ ಸುಮ್ನೆ ಕಸ ತುಂಬಿಕೊಳ್ಳಬೇಡಿ. ಪ್ರೊಫೈಲಿನ ಮಿತಿಯನ್ನು ಯಾವ ಬೂಸ್ಟರೂ ದಾಟಿಸುವುದಿಲ್ಲ.

ಪ್ರಶ್ನೆ: ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗ ಬ್ಲೂಟೂತ್ ಮೌಸ್ ತಡವರಿಸುತ್ತದೆ.

ಉತ್ತರ: ಯುಎಸ್‌ಬಿ 3 ಸಂಪರ್ಕ ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಗೂ ನುಗ್ಗುತ್ತದೆ, ಬ್ಲೂಟೂತ್ ಇರುವುದೂ ಅಲ್ಲೇ. ಡಿಸ್ಕನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ.

ಪ್ರಶ್ನೆ: ಫೋನಿನಿಂದ ಬ್ಲೂಟೂತಿನಲ್ಲಿ ಸಿನಿಮಾ ಕಳಿಸಿದರೆ ಗಂಟೆಗಟ್ಟಲೆ ಹಿಡಿಯುತ್ತದೆ.

ಉತ್ತರ: ಹಿಡಿಯುತ್ತದೆ. ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕರೆ ಪುಣ್ಯ. ಕೇಬಲ್ ಹಾಕಿ.

ಪ್ರಶ್ನೆ: ಗೊತ್ತಿಲ್ಲದ ಕೀಬೋರ್ಡಿನ ಹೆಸರಲ್ಲಿ ಪೇರಿಂಗ್ ಕೋರಿಕೆ ಬಂದಿತ್ತು, ಒಪ್ಪಿಬಿಟ್ಟೆ.

ಉತ್ತರ: ಈಗಲೇ ಬ್ಲೂಟೂತ್ ಸಾಧನಗಳ ಪಟ್ಟಿಯಿಂದ ತೆಗೆಯಿರಿ. ಕೀಬೋರ್ಡ್ ಅಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನು ಬೇಕಾದರೂ ಟೈಪ್ ಮಾಡಬಲ್ಲ ಸಾಧನ.